ಹಿಮ ಬೀಳುವ ಮುನ್ನ, ಬಿದ್ದ ಮೇಲೆ

ಚಳಿಗಾಲದಲ್ಲಿ ಕಾಶ್ಮೀರ, ಹಿಮಾಚಲ, ಉತ್ತರಾಖಂಡಕ್ಕೆ ಹಿಮ ತರುವ ಮೋಡಗಳ ತವರು ಬಲು ದೂರ. ಮೆಡಿಟರೇನಿಯನ್ ಸಮುದ್ರದ ಆಸುಪಾಸಿನಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಜೆಟ್ ಪ್ರವಾಹದ ಜಾಡು ಹಿಡಿದು ಇರಾನ್, ಅಫ್ಗಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಹಿಮಾಲಯಕ್ಕೆ ಬಂದು ಮುಟ್ಟುತ್ತವೆ. ಹವಾಮಾನ ಇಲಾಖೆಯವರು ಇವನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಪಶ್ಚಿಮದ ಕ್ಷೋಭೆ ಎಂದಿಟ್ಟುಕೊಳ್ಳೋಣ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ನಾಲ್ಕೈದು ಬರುತ್ತವೆ. ಎಷ್ಟೋ ಸಲ ಒಂದಿಷ್ಟು ಮೋಡ ಕವಿದು ಚದುರಿಹೋಗುತ್ತದೆ, ಅಷ್ಟೇ. ಆದರೆ ದಾರಿಯಲ್ಲಿ ಅರಬ್ಬಿ ಸಮುದ್ರದ ತೇವವನ್ನೂ ಸೆಳೆದುಕೊಂಡು ಬಂದದ್ದು ಪೀರ್ ಪಂಜಾಲ್ ಶ್ರೇಣಿಗೆ ಅಪ್ಪಳಿಸಿದರೆ ಎರಡು ಮೂರು ದಿನ ಬಿಡದೆ ಹಿಮ ಸುರಿಯುತ್ತದೆ.

ಬರುತ್ತಿರುವುದು ಯಾವ ಬಗೆಯದು ಎಂದು ಹೇಳುವ ಹೊಣೆ ಶ್ರೀನಗರ, ಶಿಮ್ಲಾ, ಡೆಹ್ರಾಡೂನ್‌ಗಳ ಹವಾಮಾನ ಕೇಂದ್ರಗಳದು. ಬಿದ್ದ ಹಿಮ ಗುಡ್ಡದ ಮೇಲೆ ನಿಲ್ಲುತ್ತದೋ ಜಾರುತ್ತದೋ ಎಂದು ಹೇಳಬೇಕಾದವರು ಬೇರೆ. ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಡಿಯ ಪ್ರಯೋಗಾಲಯ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಇದನ್ನು ಬಹುಕಾಲ ‘ಸಾಸೆ’ ಎಂದೇ ಕರೆಯುತ್ತಿದ್ದರು. 2020ರಲ್ಲಿ ದೆಹಲಿಯ ಭೂಪ್ರದೇಶ ಸಂಶೋಧನಾಲಯದೊಂದಿಗೆ ವಿಲೀನವಾಗಿ ಡಿಜಿಆರ್‌ಇ ಆಯಿತು; ಮುಖ್ಯ ಕಚೇರಿ ಚಂಡೀಗಢದಲ್ಲಿದೆ. ಸೇನೆ ಚಳಿಗಾಲದಲ್ಲಿ ಗಡಿ ಠಾಣೆಗಳಿಗೆ ಜನರನ್ನು ಕಳಿಸುವ ಮುನ್ನ ನೋಡುವುದು ಇವರ ವರದಿಯನ್ನು.

ಮೊದಲ ಭಾಗದ ಕೆಲಸಕ್ಕೆ ಈಗ ಸಲಕರಣೆ ಸಾಕಷ್ಟಿದೆ. ಕ್ಷೋಭೆ ಇನ್ನೂ ಇರಾನಿನ ಮೇಲಿರುವಾಗಲೇ ಇನ್ಸಾಟ್ ಉಪಗ್ರಹಗಳು ಅದರ ಚಿತ್ರ ಕಳಿಸುತ್ತಿರುತ್ತವೆ. (ಆ ಉಪಗ್ರಹಗಳನ್ನು ಕಕ್ಷೆಯಲ್ಲಿ ಕಾಯುವವರು ನಮ್ಮ ಹಾಸನದ ನಿಯಂತ್ರಣ ಕೇಂದ್ರದವರು. ಕಾಶ್ಮೀರದ ಹಿಮಕ್ಕೂ ಹಾಸನಕ್ಕೂ ಇಂಥದ್ದೊಂದು ನಂಟು.) ಬೆಳಗಿನ ಐದೂವರೆಗೂ ಸಂಜೆಯ ಐದೂವರೆಗೂ ಹೊಂದಿಸಿ ಆಕಾಶಕ್ಕೆ ಬಿಡುವ ಬಲೂನು ಮೇಲೇರುತ್ತಾ ತಾಪ, ತೇವ, ಗಾಳಿಯ ಲೆಕ್ಕವನ್ನು ಕೆಳಗೆ ಕಳಿಸುತ್ತದೆ. ಕುಫ್ರಿ, ಮುಕ್ತೇಶ್ವರ, ಸುರ್ಕಂಡಾ ದೇವಿ, ಬನಿಹಾಲ್ ಟಾಪ್, ಲೇಹ್‌ಗಳಲ್ಲಿ ಕಳೆದ ಕೆಲವೇ ವರ್ಷಗಳಲ್ಲಿ ಡಾಪ್ಲರ್ ರೇಡಾರ್‌ಗಳು ಬಂದಿವೆ.

ಸಲಕರಣೆ ಇಲ್ಲದವರಿಗೂ ಒಂದು ಸುಳಿವು ಸಿಗುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ‘ಚಿಲ್ಲಾಯ್ ಕಲಾನ್’, ಅಂದರೆ ಚಳಿಯ ಕಡುಕಾಲ. ಆಕಾಶ ತಿಳಿಯಾಗಿರುವಷ್ಟು ದಿನ ರಾತ್ರಿಯ ತಾಪ ಇಳಿಯುತ್ತಲೇ ಇರುತ್ತದೆ, ನಲ್ಲಿ ನೀರು ಹೆಪ್ಪುಗಟ್ಟುತ್ತದೆ. ಇದ್ದಕ್ಕಿದ್ದಂತೆ ಒಂದು ರಾತ್ರಿ ಚಳಿ ಸಡಿಲವಾಯಿತೆಂದರೆ ಹಿಮ ಹತ್ತಿರ ಬಂದಿದೆ ಎಂದರ್ಥ. ಮೋಡ ಕವಿದು, ನೆಲದ ಕಾವು ಮೇಲೆ ಹಾರಿಹೋಗದಂತೆ ತಡೆದಿರುತ್ತದೆ.

ಹಿಮ ಬರುತ್ತದೆ ಎನ್ನುವುದು ಸುಲಭ. ಎಲ್ಲಿಂದ ಮೇಲಕ್ಕೆ ಬೀಳುತ್ತದೆ ಎನ್ನುವುದು ಕಷ್ಟ. ಎತ್ತರ ಏರಿದಂತೆ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಾಪ ಇಳಿಯುತ್ತದೆ. ಹಾಗಾಗಿ ಲೆಕ್ಕದಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೂ ಮಳೆ ಹಿಮವಾಗುವ ಗೆರೆ 150 ಮೀಟರ್ ಮೇಲೋ ಕೆಳಗೋ ಸರಿಯುತ್ತದೆ. ಬಯಲುಸೀಮೆಯಲ್ಲಿ ಯಾರ ಗಮನಕ್ಕೂ ಬಾರದ ತಪ್ಪು ಇದು. ಬೆಟ್ಟದಲ್ಲಿ ಒಂದು ಊರಿಗೆ ಮಳೆ, ಅದರ ಮೇಲಿನ ಊರಿಗೆ ಮೊಣಕಾಲುದ್ದ ಹಿಮ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಸಿದ್ಧಪಡಿಸಿದ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಆರು ಕಿಲೋಮೀಟರ್ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಹಿಂದೆ ಇದ್ದದ್ದು 12. ದೊಡ್ಡ ಸುಧಾರಣೆಯೇ ಸರಿ. ಆದರೂ ಹಿಮಾಲಯದಲ್ಲಿ ಆರು ಕಿಲೋಮೀಟರ್ ಎಂದರೆ ನದಿ ದಂಡೆ, ಸೇಬಿನ ತೋಟ, ದೇವದಾರು ಕಾಡು, ಬೋಳು ಶಿಖರ ಎಲ್ಲವೂ ಒಂದೇ ಚೌಕದೊಳಗೆ.

ಇಲ್ಲಿಗೆ ಆಕಾಶ ನೋಡುವವರ ಕೆಲಸ ಮುಗಿಯಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವವರು ನೆಲ ಅಗೆಯುವವರು.

ಮನಾಲಿ ಬಳಿಯ ಬಹಾಂಗ್, ಅಟಲ್ ಸುರಂಗದ ಬಾಯಿಯ ಹತ್ತಿರದ ಧುಂಡಿ, ಬಾರಾಲಾಚಾ ಕಡೆಯ ಪತ್ಸಿಯೊದಂಥ ಕಡೆ ಡಿಜಿಆರ್‌ಇ ವೀಕ್ಷಣಾ ಕೇಂದ್ರಗಳಿವೆ. ಬೆಳಿಗ್ಗೆ ಎಂಟೂವರೆ, ಸಂಜೆ ಐದೂವರೆ: ಗಾಳಿ ಬೀಸಲಿ, ಬಿರುಹಿಮ ಸುರಿಯಲಿ, ವೀಕ್ಷಕ ಹೊರಗೆ ಹೋಗಲೇಬೇಕು. ನೆಟ್ಟ ಅಳತೆಗೋಲಿನಲ್ಲಿ ಒಟ್ಟು ಹಿಮ ಎಷ್ಟೆಂದು ನೋಡುತ್ತಾನೆ. ಹಲಗೆಯ ಮೇಲೆ ಹೊಸದಾಗಿ ಬಿದ್ದದ್ದನ್ನು ಅಳೆದು, ತೂಗಿ, ಹಲಗೆ ಒರೆಸಿ ಮತ್ತೆ ಇಡುತ್ತಾನೆ. ತೂಕ ಯಾಕೆಂದರೆ, ಹತ್ತು ಸೆಂಟಿಮೀಟರ್ ಹಿಮ ಕರಗಿಸಿದರೆ ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ನೀರು ಸಿಗುತ್ತದೆ. ಲಡಾಖಿನ ಒಣಚಳಿಯಲ್ಲಿ ಅದಕ್ಕಿಂತ ಹಗುರ, ಪೀರ್ ಪಂಜಾಲ್‌ನಲ್ಲಿ ಅದಕ್ಕಿಂತ ಭಾರ. ಇಳಿಜಾರು ಹೊರಬೇಕಾದದ್ದು ಎತ್ತರವನ್ನಲ್ಲ, ಭಾರವನ್ನು.

ಆಗಾಗ ಗುಂಡಿಯನ್ನೂ ತೆಗೆಯಬೇಕು. ಹಿಮದ ಮೇಲ್ಮೈಯಿಂದ ನೆಲ ಕಾಣುವವರೆಗೆ ಅಗೆದು, ಬಿಸಿಲು ತಾಗದ ಬದಿಯ ಗೋಡೆಯನ್ನು ನುಣ್ಣಗೆ ಕೆರೆದು ಬ್ರಷ್ಷಿನಲ್ಲಿ ಉಜ್ಜಿದರೆ ಆ ವರ್ಷದ ಒಂದೊಂದು ಹಿಮಪಾತವೂ ಒಂದೊಂದು ಪದರವಾಗಿ ಎದ್ದು ಕಾಣುತ್ತದೆ. ಪದರ ಎಷ್ಟು ಗಟ್ಟಿ ಎಂದು ಅಳೆಯಲು ಮೊದಲು ಮುಷ್ಟಿ, ಅದು ಒಳಹೋಗದಿದ್ದರೆ ನಾಲ್ಕು ಬೆರಳು, ಆಮೇಲೆ ಒಂದು ಬೆರಳು, ಪೆನ್ಸಿಲ್, ಕಡೆಗೆ ಚಾಕು. ಜಗತ್ತಿನೆಲ್ಲೆಡೆ ಹಿಮತಜ್ಞರು ಬಳಸುವ ಅಳತೆ ಇದೇ. ಕಬ್ಬಿಣದ ಕೋಲನ್ನು ಬಡಿದಿಳಿಸುವ ಯಂತ್ರವೂ ಇದೆ, ಆದರೆ ಬೆರಳನ್ನು ಅದು ಕೆಲಸದಿಂದ ತೆಗೆದುಹಾಕಿಲ್ಲ.

ಅವರು ಹುಡುಕುವುದು ತಳದಲ್ಲಿರುವ ಒಂದು ಪದರವನ್ನು. ನವೆಂಬರ್, ಡಿಸೆಂಬರ್‌ನಲ್ಲಿ ತೆಳುವಾಗಿ ಬಿದ್ದ ಹಿಮದ ಕೆಳಗೆ ನೆಲ ಸುಮಾರು ಸೊನ್ನೆ ಡಿಗ್ರಿಯಲ್ಲಿ ಬೆಚ್ಚಗಿರುತ್ತದೆ. ಮೇಲ್ಮೈ ಮೈನಸ್ ಹದಿನೈದಕ್ಕೂ ಇಳಿದಿರುತ್ತದೆ. ಮೀಟರಿಗೆ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಾದರೆ ಕೆಳಗಿನ ಹಿಮ ಆವಿಯಾಗಿ ಮೇಲಕ್ಕೆ ಹೋಗಿ ಮತ್ತೆ ಹರಳುಗಟ್ಟುತ್ತದೆ. ವಾರಗಳು ಕಳೆದಂತೆ ತಳದ ಹಿಮವೆಲ್ಲ ದಪ್ಪ ಸಕ್ಕರೆಯಂತಾಗುತ್ತದೆ: ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ, ಎಷ್ಟು ಅದುಮಿದರೂ ಉಂಡೆ ಕಟ್ಟಲಾಗುವುದಿಲ್ಲ. ಇದರ ಮೇಲೆ ಜನವರಿ, ಫೆಬ್ರುವರಿಯ ಭಾರೀ ಹಿಮ ಕೂತಿರುತ್ತದೆ. ಹೊರಗಿನಿಂದ ನೋಡುವವನಿಗೆ ಎಲ್ಲವೂ ಒಂದೇ ಬಿಳುಪು. ಕಾರಕೋರಂನಲ್ಲಿ ಹಿಮ ಕಡಿಮೆ, ಚಳಿ ವಿಪರೀತ. ಅಲ್ಲಿ ಈ ಪದರದ ಕಾಟ ಹೆಚ್ಚು. ಪೀರ್ ಪಂಜಾಲ್‌ನ ಕುಸಿತಗಳಿಗೆ ಬಹುಮಟ್ಟಿಗೆ ಹೊಸ ಹಿಮದ ಭಾರವೇ ಸಾಕು.

ಹೀಗಾಗಿ ಫೆಬ್ರುವರಿಯ ಮುನ್ಸೂಚನೆಯನ್ನು ಡಿಸೆಂಬರ್ ಬಿಟ್ಟು ಹೇಳಲಾಗದು. 30 ಸೆಂಟಿಮೀಟರ್ ಹಿಮ ಬೀಳಲಿದೆ ಎಂಬ ಒಂದೇ ಸುದ್ದಿ ಒಂದು ವರ್ಷ ಏನೂ ಅಲ್ಲ, ಇನ್ನೊಂದು ವರ್ಷ ಊರು ಖಾಲಿ ಮಾಡಿಸಬೇಕಾದಷ್ಟು ದೊಡ್ಡದು. ಇದಕ್ಕಾಗಿ ಇವರು ಬಳಸುವ ಒಂದು ವಿಧಾನ ನನಗೆ ಇಷ್ಟ. ಇಂದಿನ ತಾಪ, ಗಾಳಿ, ಹೊಸ ಹಿಮ, ಹಳೆ ಹಿಮದ ಅಂಕಿಗಳನ್ನು ಕೊಟ್ಟರೆ ಕಂಪ್ಯೂಟರ್ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ಇಂದಿನಂತೆಯೇ ಇದ್ದ ಹತ್ತು ದಿನಗಳನ್ನು ಹೆಕ್ಕಿ ಕೊಡುತ್ತದೆ. ಆ ಹತ್ತರಲ್ಲಿ ಎಷ್ಟು ದಿನ, ಯಾವ ಇಳಿಜಾರು ಕುಸಿದಿತ್ತು ಎಂದು ನೋಡಿ ತೀರ್ಮಾನಕ್ಕೆ ಬರುತ್ತಾರೆ. ಹಳೆಯ ವೀಕ್ಷಕರು ಚಳಿಯಲ್ಲಿ ನಿಂತು ಬರೆದಿಟ್ಟ ಅಂಕಿಗಳು ಹಾಗೆ ಇಂದಿಗೂ ದುಡಿಯುತ್ತಿವೆ. ಚಳಿಗಾಲಗಳೇ ಬದಲಾಗುತ್ತಿರುವಾಗ ಹಳೆಯ ದಿನಗಳ ಸಾಕ್ಷ್ಯ ಎಷ್ಟು ಕಾಲ ನಡೆದೀತು ಎಂಬ ಅನುಮಾನವೂ ಇಲ್ಲದಿಲ್ಲ.

ಇಷ್ಟೆಲ್ಲ ಆದ ಮೇಲೂ ಮುನ್ಸೂಚನೆಗೂ ಮನುಷ್ಯನಿಗೂ ನಡುವೆ ಒಂದು ಅಂತರ ಉಳಿದೇ ಇರುತ್ತದೆ. 2025ರ ಫೆಬ್ರುವರಿ 27ರ ಸಂಜೆ ಡಿಜಿಆರ್‌ಇ ಎಚ್ಚರಿಕೆ ಹೊರಡಿಸಿತು: ಚಮೋಲಿ, ಉತ್ತರಕಾಶಿ, ರುದ್ರಪ್ರಯಾಗ, ಪಿಥೋರಾಗಢ, ಬಾಗೇಶ್ವರ ಜಿಲ್ಲೆಗಳಲ್ಲಿ 2,400 ಮೀಟರಿಗಿಂತ ಮೇಲೆ ಮುಂದಿನ 24 ಗಂಟೆ ಹಿಮಕುಸಿತದ ಅಪಾಯ. ಮರುದಿನ ನಸುಕಿನಲ್ಲೇ ಚಮೋಲಿಯ ಬದರೀನಾಥದ ಬಳಿ ಮಾಣಾದಲ್ಲಿ ರಸ್ತೆ ಕೆಲಸಗಾರರ ಬಿಡಾರದ ಮೇಲೆ ಹಿಮ ಬಂದು ಬಿತ್ತು. 54 ಜನರಲ್ಲಿ 46 ಮಂದಿ ಬದುಕಿದರು, ಎಂಟು ಜನ ಸತ್ತರು. ಮಲಗಿದ್ದ ಉಕ್ಕಿನ ಕಂಟೇನರುಗಳು ಹಲವರ ಜೀವ ಕಾಯ್ದವು. ಮುನ್ಸೂಚನೆ ತಪ್ಪಲಿಲ್ಲ. ಆದರೆ ಅದು ಹೇಳಿದ್ದು ಐದು ಜಿಲ್ಲೆಗಳಿಗೆ. ಬಿಡಾರ ಇದ್ದದ್ದು ಒಂದು ಇಳಿಜಾರಿನ ಕೆಳಗೆ. ಜಿಲ್ಲೆಯ ಮಾತನ್ನು ಇಳಿಜಾರಿಗೆ ಇಳಿಸಿ, ‘ಇವತ್ತು ರಾತ್ರಿ ಇಲ್ಲಿ ಮಲಗಬೇಡಿ’ ಎಂದು ಕೂಲಿಯವನಿಗೆ ಹೇಳುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಬೇಕು. ರೇಡಾರಿಗಿಂತ ಅಗ್ಗದ ಕೆಲಸ ಅದು, ಆದರೂ ಹಿಂದೆ ಬಿದ್ದಿದೆ.

ಹಿಮಕುಸಿತ ಎಂದರೆ ಕನ್ನಡಿಗರಿಗೆ ನೆನಪಾಗುವುದು ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸೋನಂ ಠಾಣೆಯಲ್ಲಿ ಹಿಮದಡಿ ಸಿಲುಕಿ, ಆರು ದಿನಗಳ ಬಳಿಕ ಜೀವಂತ ಸಿಕ್ಕಿ, ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಮಾತ್ರ ಇಲ್ಲಿ ಹೇಳಿದ ಬಗೆಯದಲ್ಲ. ಅಂದು ಬಿದ್ದದ್ದು ಹೊಸ ಹಿಮವಲ್ಲ, ಹಿಮನದಿಯ ದೈತ್ಯ ಮಂಜುಗಡ್ಡೆಯ ಗೋಡೆ. ಅಂಥದ್ದು ಯಾವ ಗಳಿಗೆ ಮುರಿದೀತೆಂದು ಗುಂಡಿ ಅಗೆದು ತಿಳಿಯಲಾಗದು.

ಸೈನಿಕರಲ್ಲದ ಕನ್ನಡಿಗರೂ ಈಗ ಚಳಿಗಾಲದ ಹಿಮಾಲಯಕ್ಕೆ ಬೇಕಾದಷ್ಟು ಮಂದಿ ಹೋಗುತ್ತಾರೆ. ಉತ್ತರಾಖಂಡದ ಕೇದಾರಕಂಠ ಚಾರಣದ ಹಾದಿಯಲ್ಲಿ ಜನವರಿಯಲ್ಲಿ ಬೆಂಗಳೂರಿನ ಮಾತು ಕಿವಿಗೆ ಬೀಳದಿದ್ದರೆ ಆಶ್ಚರ್ಯ. ಇವರು ತಿಳಿಯಬೇಕಾದ್ದು ಒಂದಿದೆ. ಕ್ಷೋಭೆ ದಾಟಿಹೋದ ಮರುದಿನ ಆಕಾಶ ತೊಳೆದಿಟ್ಟಂತೆ ನೀಲಿಯಾಗಿರುತ್ತದೆ, ಬಿಸಿಲು ಹೊಳೆಯುತ್ತದೆ, ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ಮೂಡಿರುತ್ತದೆ. ಡಿಜಿಆರ್‌ಇ ವರದಿಯಲ್ಲಿ ಅಪಾಯದ ಹಂತ ಆಗಲೂ ಇಳಿದಿರಬೇಕೆಂದಿಲ್ಲ. ಗಾಳಿ ಶಿಖರದ ಒಂದು ಬದಿಯ ಹಿಮವನ್ನೆಲ್ಲ ತಂದು ಇನ್ನೊಂದು ಬದಿಗೆ ಪೇರಿಸಿರುತ್ತದೆ. ಹೊಸ ಪದರ ಹಳೆಯದಕ್ಕೆ ಇನ್ನೂ ಬೆಸೆದುಕೊಂಡಿರುವುದಿಲ್ಲ. 30ರಿಂದ 45 ಡಿಗ್ರಿಯ ಇಳಿಜಾರುಗಳು ಸಣ್ಣ ನೆಪಕ್ಕೂ ಕಳಚಿಕೊಳ್ಳುತ್ತವೆ. ಚಾರಣದ ಮುಂದಾಳು ಇನ್ನೆರಡು ದಿನ ತಪ್ಪಲಲ್ಲೇ ಕಾಯೋಣ ಎಂದರೆ, ಅವನು ಬಿಸಿಲು ನೋಡಿಲ್ಲ ಎಂದಲ್ಲ. ಆದರೆ ಗುಂಪಿನಲ್ಲಿ ಅರ್ಧ ಜನರಿಗೆ ಸೋಮವಾರ ಆಫೀಸು, ಡೆಹ್ರಾಡೂನಿನಿಂದ ವಿಮಾನದ ಟಿಕೆಟ್ಟು ಭಾನುವಾರಕ್ಕೇ ಆಗಿರುತ್ತದೆ.