ಕವಚಕ್ಕೆ ಬೆಲೆಯುಂಟು, ತಳಿಗೆ ಬದಲಿಯಿಲ್ಲ

ಹಿಂದಿನ ಕಾಲದ ಸೈನ್ಯಗಳ ಆಸ್ತಿಯಲ್ಲಿ ಎರಡು ಬಗೆ. ಕುಶಲಕರ್ಮಿಗಳು ಮಾಡಿಕೊಡಬಲ್ಲದ್ದು ಒಂದು. ತಲೆಮಾರುಗಳ ಕಾಲ ಬೆಳೆಸಬೇಕಾದದ್ದು ಇನ್ನೊಂದು.

ಮೊದಲನೆಯದಕ್ಕೆ ಟಿಬೆಟ್ಟಿನ ಕುದುರೆ ಕವಚ ಉತ್ತಮ ನಿದರ್ಶನ. 15ರಿಂದ 17ನೆಯ ಶತಮಾನದ ಅವಧಿಯ ಇಂತಹ ಕವಚಗಳು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ. ಕಬ್ಬಿಣ ಹಾಗೂ ಗಟ್ಟಿ ಚರ್ಮದ ಸಣ್ಣ ಫಲಕಗಳನ್ನು ಚರ್ಮದ ದಾರದಿಂದ ಸಾಲುಸಾಲಾಗಿ ಹೆಣೆದು, ಕುದುರೆಯ ತಲೆ, ಕುತ್ತಿಗೆ, ಎದೆ ಮತ್ತು ಪಕ್ಕೆಗಳಿಗೆ ಹೊದಿಸುತ್ತಿದ್ದರು. ಅದು ಹಾಳಾದರೆ ಕಬ್ಬಿಣ, ಚರ್ಮ ಮತ್ತು ನುರಿತ ಕೈ ದೊರೆತಲ್ಲಿ ಮತ್ತೊಂದನ್ನು ಸಿದ್ಧಪಡಿಸಬಹುದಿತ್ತು.

ಎರಡನೆಯ ಬಗೆಯ ಆಸ್ತಿಯನ್ನು ಇಂದಿಗೂ ಕಾಣಬಹುದಾದ ಊರು ಅಜ್ಜಂಪುರ. ಇಲ್ಲಿ ರಾಜ್ಯ ಪಶುಪಾಲನಾ ಇಲಾಖೆಯ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಅರಮನೆಯ ಹಸುಗಳ ಮಂದೆಯನ್ನು ಹೈದರಾಲಿ ಸೈನ್ಯದ ಸಾಗಣೆಗಾಗಿ ವಿಸ್ತರಿಸಿದನು. ಟಿಪ್ಪು ಸುಲ್ತಾನ ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟನು. ಈ ಎತ್ತುಗಳ ಬಲದಿಂದಲೇ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದನೆಂದು ಬ್ರಿಟಿಷ್ ದಾಖಲೆಗಳು ಹೇಳುತ್ತವೆ. ಫಿರಂಗಿ ಎಷ್ಟೇ ಉತ್ತಮವಾಗಿರಲಿ, ಅದನ್ನು ಎಳೆಯುವ ಎತ್ತು ಹೊತ್ತಿಗೆ ತಲುಪದಿದ್ದರೆ ವ್ಯರ್ಥ.

1799ರ ನಂತರ ಮಂದೆಗಳು ಬ್ರಿಟಿಷರ ವಶವಾದವು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಇಡೀ ವ್ಯವಸ್ಥೆಯನ್ನು ರದ್ದುಪಡಿಸಿ ಜಾನುವಾರುಗಳನ್ನು ಮಾರಲಾಯಿತು. ಅದರ ಕೊರತೆ ಬೇಗನೆ ಅರಿವಿಗೆ ಬಂದು, 1866ರಲ್ಲಿ ಮಂದೆಯನ್ನು ಮತ್ತೆ ಕಟ್ಟಬೇಕಾಯಿತು. ಲೆಕ್ಕಪತ್ರದಲ್ಲಿ ಮೇವು ಮತ್ತು ಗೋವಳರ ಸಂಬಳ ಖರ್ಚಾಗಿ ಕಾಣುತ್ತದೆ. ನೂರಾರು ವರ್ಷಗಳ ಆಯ್ಕೆಯಿಂದ ಬಂದ ವೇಗ ಹಾಗೂ ತಾಳ್ಮೆಗೆ ಮಾತ್ರ ಯಾವ ಕಲಮಿನಲ್ಲೂ ಮೌಲ್ಯ ನಮೂದಾಗುವುದಿಲ್ಲ. ಆ ಉಳಿತಾಯ ಆರೇ ವರ್ಷಗಳಲ್ಲಿ ಮರುಹೂಡಿಕೆಯಾಯಿತು.

ಇಂದು ಟ್ರಾಕ್ಟರ್, ಲಾರಿಗಳು ಎತ್ತಿನ ಕೆಲಸವನ್ನು ಕಿತ್ತುಕೊಂಡಿವೆ. ಈ ತಳಿಯ ಹಾಲಿನ ಇಳುವರಿಯೂ ಕಡಿಮೆ. ಮೇವಿನ ನೆಲೆಯಾದ ಕಾವಲುಗಳು ಒತ್ತುವರಿಗೂ ಅನ್ಯ ಬಳಕೆಗೂ ಸಿಲುಕಿ ಕುಗ್ಗಿವೆ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಗಿದೆ. ಆದರೂ ಅಜ್ಜಂಪುರದ ಹೋರಿಗಳ ಹರಾಜಿಗೆ ದೂರದ ರೈತರು ಬರುತ್ತಾರೆ. ಬೇಡಿಕೆ ಸಂಪೂರ್ಣ ಬತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಖರ್ಚು ತಗ್ಗಿಸುವ ಮುನ್ನ ಪ್ರತಿಯೊಬ್ಬ ಉದ್ಯಮಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕೈಬಿಡುತ್ತಿರುವುದು ಮತ್ತೆ ಮಾಡಿಸಬಹುದಾದ ಕವಚವೋ, ಮತ್ತೆ ದೊರೆಯದ ತಳಿಯೋ? ನುರಿತ ಕೆಲಸಗಾರರಿಗೂ ಹಳೆಯ ಗಿರಾಕಿಗಳ ವಿಶ್ವಾಸಕ್ಕೂ ಈ ಪ್ರಶ್ನೆ ಸಮನಾಗಿ ಅನ್ವಯಿಸುತ್ತದೆ.