ಪುಟ ಬಿಟ್ಟು ಹೊರಟ ತಲೆಬರಹ

ಪತ್ರಿಕೆಯ ಪುಟದಲ್ಲಿ ತಲೆಬರಹದ ಸುತ್ತ ನೆಂಟರಿಷ್ಟರು ಇರುತ್ತಾರೆ. ಪಕ್ಕದಲ್ಲಿ ಫೋಟೊ, ಕೆಳಗೆ ಕಿರುಶೀರ್ಷಿಕೆ, ಮೇಲೆ ಪುರವಣಿಯ ಹೆಸರು. ‘ಮಳೆ ಬಂತು, ಕೊಳೆ ತಂತು’ ಎಂದು ದಪ್ಪಕ್ಷರದಲ್ಲಿ ಕೊಟ್ಟರೂ ನಡೆದುಹೋಗುತ್ತದೆ. ಮರದ ಬುಡದಲ್ಲಿ ಉದುರಿಬಿದ್ದ ಹಸಿ ಅಡಿಕೆಯ ಚಿತ್ರ ಉಳಿದದ್ದನ್ನು ಹೇಳುತ್ತದೆ. ಅದೇ ಲೇಖನ ಜಾಲತಾಣಕ್ಕೆ ಏರಿತೋ, ತಲೆಬರಹ ಒಂಟಿ. ಗೂಗಲ್ ಹುಡುಕಾಟದ ಪಟ್ಟಿಯಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಫೋನಿನ ನೋಟಿಫಿಕೇಶನ್‌ನಲ್ಲಿ ಅದೊಂದೇ ಸಾಲು ಹೋಗಿ ನಿಲ್ಲಬೇಕು. ಅಲ್ಲಿ ‘ಮಳೆ ಬಂತು, ಕೊಳೆ ತಂತು’ ಅಂದರೆ ಯಾರಿಗೆ ಏನು ತಿಳಿಯಬೇಕು? ಬೆಂಗಳೂರಿನ ಚರಂಡಿಯ ಸುದ್ದಿ ಅಂದುಕೊಂಡರೂ ಆಶ್ಚರ್ಯವಿಲ್ಲ.

ನಾನು ವರ್ಷಗಟ್ಟಲೆ ಮುದ್ರಣದ ಡೆಸ್ಕ್‌ನಲ್ಲಿ ಇಂಥ ಪ್ರಾಸಗಳನ್ನೇ ಹೊಸೆದವಳು. ಅದರ ಮೇಲೆ ಈಗಲೂ ನನಗೆ ಮೋಹವಿದೆ. ಆದರೆ ಡಿಜಿಟಲ್ ಡೆಸ್ಕ್‌ಗೆ ಬಂದ ಮೇಲೆ ಕೆಲಸದ ದಿಕ್ಕೇ ತಿರುಗಿತು. ಪೇಪರು ಬೆಳಿಗ್ಗೆ ಓದುಗರ ಬಾಗಿಲಿಗೆ ತಾನಾಗಿಯೇ ಹೋಗಿ ಬೀಳುತ್ತದೆ. ಇಲ್ಲಿ ಹಾಗಲ್ಲ, ಒಂದೊಂದು ಲೇಖನಕ್ಕೂ ಓದುಗರು ಹೊಸದಾಗಿ ಬರಬೇಕು. ಅವರು ಎಲ್ಲಿಂದ, ಯಾವ ಮಾತನ್ನು ಹಿಡಿದುಕೊಂಡು ಬರುತ್ತಾರೆ ಅನ್ನುವುದೇ ನಮ್ಮ ದಿನದ ಲೆಕ್ಕ.

ಅಡಿಕೆಯ ಕೊಳೆರೋಗದ ಲೇಖನವನ್ನೇ ತೆಗೆದುಕೊಳ್ಳಿ. ಕೃಷಿ ವಿಜ್ಞಾನಿಯೊಬ್ಬರು ಕಳುಹಿಸಿದ್ದರ ಶೀರ್ಷಿಕೆ ‘ಅಡಿಕೆಯಲ್ಲಿ ಫೈಟಾಫ್ಥೊರಾ ಕಾಯಿಕೊಳೆ ರೋಗದ ಸಮಗ್ರ ನಿರ್ವಹಣೆ’. ಶಾಸ್ತ್ರದ ಪ್ರಕಾರ ಒಂದಕ್ಷರವೂ ತಪ್ಪಿಲ್ಲ. ಆದರೆ ಸಾಗರದಲ್ಲೋ ಶಿರಸಿಯಲ್ಲೋ ಜಡಿಮಳೆಯ ಮಧ್ಯೆ ತೋಟದಿಂದ ಬಂದು ಫೋನು ಕೈಗೆತ್ತಿಕೊಂಡವರು ‘ಸಮಗ್ರ ನಿರ್ವಹಣೆ’ ಎಂದು ಹುಡುಕುವುದಿಲ್ಲ. ಸಾಗರದ ಕಡೆಯ ನಮ್ಮ ದೊಡ್ಡಪ್ಪನಂಥವರು ಟೈಪ್ ಮಾಡುವುದೂ ಇಲ್ಲ. ಮೈಕಿನ ಗುರುತು ಒತ್ತಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ‘ಕೊಳೆಗೆ ಬೋರ್ಡೋ ಮಾಡೋದು ಹೇಗೆ’ ಅನ್ನುತ್ತಾರೆ. ಘಟ್ಟದ ಕೆಳಗೆ ಇದೇ ರೋಗಕ್ಕೆ ‘ಮಹಾಳಿ’ ಅನ್ನುವವರಿದ್ದಾರೆ. ಈ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಲೇಖನದಲ್ಲಿ ‘ತಾಮ್ರದ ಸಲ್ಫೇಟ್’ ಎಂದಿತ್ತು, ಅಂಗಡಿಯಲ್ಲಿ ಜನ ಕೇಳುವುದು ಮೈಲುತುತ್ತ.

ಗೂಗಲ್‌ನ ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸಲಕರಣೆ ಇದೆ. ಸ್ವಂತ ಜಾಲತಾಣ ಇರುವ ಯಾರು ಬೇಕಾದರೂ ಬಳಸಬಹುದು. ಯಾವ ಪದ ಹುಡುಕಿದಾಗ ನಮ್ಮ ಪುಟ ಪಟ್ಟಿಯಲ್ಲಿ ಕಂಡಿತು, ಕಂಡವರಲ್ಲಿ ಎಷ್ಟು ಮಂದಿ ಒತ್ತಿ ಒಳಗೆ ಬಂದರು ಎಂಬುದನ್ನು ಅದು ತೋರಿಸುತ್ತದೆ. ಕನ್ನಡದ ಸಂಪಾದಕರೆಲ್ಲ ಒಮ್ಮೆ ಇದನ್ನು ನೋಡಬೇಕು ಅಂತ ನನಗೆ ಅನಿಸುತ್ತದೆ. ಜನ ಅಲ್ಲಿ ಬೋರ್ಡೋ, ಬೋರ್ಡೊ, ಬೋಡೋ ಎಂದೆಲ್ಲ ಬರೆದಿರುತ್ತಾರೆ, ಮಹಾಪ್ರಾಣ ಬಿಟ್ಟಿರುತ್ತಾರೆ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿರುತ್ತಾರೆ. ಕಾಗುಣಿತ ನೋಡಿ ಮೂಗು ಮುರಿಯುವ ಅಗತ್ಯವಿಲ್ಲ. ಓದುಗರು ಕೇಳುತ್ತಿರುವ ಪ್ರಶ್ನೆ ಇಷ್ಟು ನೇರವಾಗಿ ನಮಗೆ ಬೇರೆಲ್ಲೂ ಸಿಗುವುದಿಲ್ಲ.

ಕೊನೆಗೆ ಉಳಿದ ಶೀರ್ಷಿಕೆ: ‘ಅಡಿಕೆ ಕೊಳೆರೋಗ: ಬೋರ್ಡೋ ದ್ರಾವಣ ಮಾಡುವುದು ಹೇಗೆ, ಯಾವಾಗ ಹೊಡೆಯಬೇಕು?’ ಚಂದವೇನಿಲ್ಲ. ಆದರೆ ಅಡಿಕೆ, ಕೊಳೆರೋಗ, ಬೋರ್ಡೋ ಮೂರೂ ಮೊದಲ ಅರ್ಧದಲ್ಲೇ ಇವೆ. ಅದಕ್ಕೆ ಕಾರಣವಿದೆ. ಹುಡುಕಾಟದ ಪಟ್ಟಿಯಲ್ಲಿ ಶೀರ್ಷಿಕೆಗೆ ಸಿಗುವ ಜಾಗಕ್ಕೆ ಮಿತಿಯುಂಟು, ಗೂಗಲ್ ಅಕ್ಷರದ ಎಣಿಕೆಗಿಂತ ಸಾಲಿನ ಅಗಲವನ್ನು ನೋಡಿ ಕತ್ತರಿಸುತ್ತದೆ. ನಮ್ಮ ಅಕ್ಷರಗಳೋ ಅಗಲ, ಪದಗಳೋ ಉದ್ದ. ‘ಸಿಂಪಡಿಸಬೇಕಾಗಿರುವುದರಿಂದ’ ಅನ್ನುವ ಒಂದೇ ಪದ ಕಾಲು ಸಾಲನ್ನು ನುಂಗುತ್ತದೆ. ಮುಖ್ಯವಾದ ಮಾತು ಕೊನೆಯಲ್ಲಿದ್ದರೆ ಮೂರು ಚುಕ್ಕಿಯ ಪಾಲು. ‘ಮಹಾಳಿ’ಯನ್ನು ಮೊದಲ ಪ್ಯಾರಾದಲ್ಲಿ ಸೇರಿಸಿದೆವು.

ಒಳಗೆ ಬಂದವರು ನಿಲ್ಲಬೇಕಲ್ಲ? ಮೂಲ ಲೇಖನದಲ್ಲಿ ಮೊದಲ ಮೂರು ಪ್ಯಾರಾ ಅಡಿಕೆಯ ಮಹತ್ವದ ಬಗ್ಗೆ ಇತ್ತು. ಅಡಿಕೆ ಬೆಳೆಯುವವರಿಗೆ ಅಡಿಕೆಯ ಮಹತ್ವ ಹೇಳುವುದು! ಅವರಿಗೆ ಬೇಕಾದದ್ದು ತೀರಾ ಕೆಳಗೆ ಹೂತುಹೋಗಿತ್ತು. ನೂರು ಲೀಟರ್ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಒಂದೊಂದನ್ನೂ 50 ಲೀಟರ್ ನೀರಿನಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆಬೇರೆಯಾಗಿ ಕರಗಿಸಬೇಕು. ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕದಡುತ್ತ ಸುರಿಯಬೇಕು, ತಿರುಗಾಮುರುಗಾ ಮಾಡಬಾರದು. ಹೊಳೆಯುವ ಚಾಕುವನ್ನು ಅದ್ದಿ ನೋಡಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಇನ್ನೂ ಸಾಲದು ಎಂದರ್ಥ. ಮುಂಗಾರು ಹಿಡಿಯುವ ಮೊದಲು ಒಂದು ಸಲ ಹೊಡೆದು, 40-45 ದಿನಕ್ಕೆ ಇನ್ನೊಂದು ಸಲ. ಇಷ್ಟನ್ನು ಎತ್ತಿ ತಲೆಬರಹದ ಕೆಳಗೇ ಇಟ್ಟೆವು. ರೋಗಾಣುವಿನ ಜೀವನಚಕ್ರ ಆಮೇಲೆ ಬಂತು, ಬೇಕಾದವರು ಓದಿಕೊಂಡರು. ವಿಜ್ಞಾನಿಗಳಿಗೆ ಸ್ವಲ್ಪ ಬೇಸರವಾಯಿತು, ಪೀಠಿಕೆಯಿಲ್ಲದೆ ಬರೆಯುವುದು ಹೇಗೆ ಎಂದು.

ತೆರೆಯ ಮೇಲೆ ಓದುವವರ ಕಣ್ಣು ಹೇಗೆ ಓಡಾಡುತ್ತದೆ ಎಂದು ಅಮೆರಿಕದ ನೀಲ್ಸನ್ ನಾರ್ಮನ್ ಗ್ರೂಪ್ 2006ರಲ್ಲಿ 232 ಜನರ ಕಣ್ಣಿನ ಚಲನೆ ಗಮನಿಸಿ ವರದಿ ಮಾಡಿತ್ತು. ಮೇಲಿನ ಒಂದೆರಡು ಸಾಲನ್ನು ಅಡ್ಡಲಾಗಿ ಓದಿ, ಆಮೇಲೆ ಎಡಗಡೆಯ ಅಂಚಿನಲ್ಲೇ ಸರ್ರನೆ ಕೆಳಕ್ಕೆ ಇಳಿಯುತ್ತಾರೆ ಎಂಬುದು ಅದರಲ್ಲಿ ಎದ್ದು ಕಂಡ ರೂಢಿ. ಪೀಠಿಕೆ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಇದೆಲ್ಲ ಲೇಖನ ಕೈಗೆ ಸಿಕ್ಕ ಮೇಲಿನ ಮಾತು. ಕನ್ನಡದ ಮಟ್ಟಿಗೆ ಹುಡುಕಿದರೆ ಸಿಗುವುದೇ ಒಂದು ಕಾಲಕ್ಕೆ ದೊಡ್ಡ ಮಾತಾಗಿತ್ತು. ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಶುರುಮಾಡಿದ್ದು 1996ರಲ್ಲಿ. ಅಲ್ಲಿಂದ ಎಷ್ಟೋ ವರ್ಷ ಕನ್ನಡದ ತಾಣಗಳು ತಮ್ಮ ತಮ್ಮ ಫಾಂಟುಗಳನ್ನು ಕಟ್ಟಿಕೊಂಡಿದ್ದವು. ತೆರೆಯ ಮೇಲೆ ಕಾಣುವುದು ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹುಡುಕುವ ಯಂತ್ರಕ್ಕೆ ಅದು ಕನ್ನಡ ಎಂದೇ ಗೊತ್ತಾಗುತ್ತಿರಲಿಲ್ಲ. ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿತ್ತು. ಅದು ಜನರ ಕೈಗೆ ಇಳಿಯಲು ಎರಡು ದಶಕವೇ ಬೇಕಾಯಿತು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡದ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಫೋನಿನಲ್ಲಿ ಕನ್ನಡದ ಲೇಖನ ತೆರೆದವರಿಗೆ ನೆನಪಿರಬಹುದು, ಸಾಲುಸಾಲಾಗಿ ಬರೀ ಚೌಕದ ಡಬ್ಬಿಗಳು.

ಆ ಕಾಲ ಮುಗಿಯಿತು ಅನ್ನುವಂತಿಲ್ಲ. ಈಗಲೂ ಲೇಖಕರಿಂದ ಹಳೆಯ ಫಾಂಟಿನ ಕಡತಗಳು ಬರುತ್ತವೆ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಜಾಗ ಬದಲಿಸಿರುತ್ತದೆ, ಒತ್ತಕ್ಷರ ಕಳಚಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪೇಪರಿನಲ್ಲಿ ಬಂದ ಲೇಖನದ ಕಟಿಂಗನ್ನು ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕಿ ‘ಪ್ರಕಟವಾಗಿದೆ’ ಎಂದು ಸಂಭ್ರಮಿಸುವುದು ನಮ್ಮ ಸಾಹಿತಿಗಳ ರೂಢಿ. ಗೆಳೆಯರ ಮೆಚ್ಚುಗೆ ಬರುತ್ತದೆ, ಸರಿ. ಮುಂದಿನ ತಿಂಗಳು ಅದೇ ವಿಷಯ ಹುಡುಕುವ ಅಪರಿಚಿತನಿಗೆ ಆ ಚಿತ್ರದೊಳಗಿನ ಅಕ್ಷರ ಸಿಗುವುದು ಅಪರೂಪ.

ಕೊಂಡಿಯದ್ದೂ ಒಂದು ಕಥೆ. ಲೇಖನದ ವಿಳಾಸದಲ್ಲಿ ಕನ್ನಡದ ಪದಗಳಿದ್ದರೆ ಚಂದ ಎಂದು ಕೆಲವು ತಾಣಗಳು ಹಾಗೇ ಇಡುತ್ತವೆ. ಬ್ರೌಸರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಅನೇಕ ಸಲ ಬಣ್ಣ ಬಯಲಾಗುತ್ತದೆ. ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿದ ಒಂಬತ್ತು ಗುರುತುಗಳಾಗಿ ಒಡೆಯುತ್ತದೆ. ‘ಅಡಿಕೆ’ ಎಂಬಲ್ಲಿ ಗುಣಿತದ ಚಿಹ್ನೆಗಳೂ ಸೇರಿ ಐದು ಸಂಕೇತ. ಅಂದರೆ ಒಂದು ಅಡಿಕೆಗೆ 45 ಗುರುತು. ಆರು ಪದದ ಶೀರ್ಷಿಕೆಯಾದರೆ ಫೋನಿನ ತೆರೆ ತುಂಬ ಕಸ. ಇದ್ಯಾವುದೋ ವೈರಸ್ ಎಂದು ಹಿರಿಯರು ಮುಟ್ಟುವುದೇ ಇಲ್ಲ. ವಿಳಾಸ ಚಿಕ್ಕದಿರಲಿ ಎಂದು ನಾವು ತಾಂತ್ರಿಕ ವಿಭಾಗದವರ ಬೆನ್ನು ಬಿದ್ದಿದ್ದು ಇದಕ್ಕೇ.

ಇನ್ನು ಓದುಗರನ್ನು ಸೆಳೆಯುವ ಸುಲಭದ ದಾರಿ. ‘ಅಡಿಕೆ ಬೆಳೆಗಾರರೇ, ಈ ಒಂದು ತಪ್ಪು ಮಾಡಿದರೆ ತೋಟವೇ ಹೋಯ್ತು!’ ಎಂದು ಹಾಕಿದರೆ ಜನ ಒತ್ತುವುದಿಲ್ಲವೇ? ಒತ್ತುತ್ತಾರೆ. ಇದನ್ನು ಅಮೆರಿಕದಲ್ಲಿ ಒಂದು ಕಾರ್ಖಾನೆಯಂತೆಯೇ ನಡೆಸಿದರು. 2012ರಲ್ಲಿ ಶುರುವಾದ ‘ಅಪ್‌ವರ್ದಿ’ ಎಂಬ ತಾಣದಲ್ಲಿ ಒಂದೊಂದು ಬರಹಕ್ಕೂ 25 ತಲೆಬರಹ ಬರೆಯಿಸುತ್ತಿದ್ದರು; ಆಯ್ದ ಕೆಲವನ್ನು ಬೇರೆಬೇರೆ ಓದುಗರಿಗೆ ತೋರಿಸಿ, ಹೆಚ್ಚು ಜನ ಒತ್ತಿದ್ದನ್ನು ಉಳಿಸಿಕೊಳ್ಳುತ್ತಿದ್ದರು. ಆ ತಾಣದ ಸುಮಾರು 1,05,000 ತಲೆಬರಹಗಳನ್ನು ಅಳೆದು ನೋಡಿದ ಅಧ್ಯಯನವೊಂದು 2023ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂತು. ಸಾಧಾರಣ ಉದ್ದದ ತಲೆಬರಹಕ್ಕೆ ಕೇಡಿನ ಮಾತೊಂದು ಸೇರಿದರೆ ಒತ್ತುವವರ ಪ್ರಮಾಣ ಶೇ 2.3ರಷ್ಟು ಏರುತ್ತದೆ, ಒಳ್ಳೆಯ ಮಾತು ಸೇರಿದರೆ ಇಳಿಯುತ್ತದೆ. ಹೆದರಿಕೆ ಮಾರಾಟವಾಗುತ್ತದೆ ಎಂದು ನಮ್ಮ ಟಿವಿ ಚಾನೆಲ್‌ಗಳು ಅಧ್ಯಯನವಿಲ್ಲದೆಯೇ ಕಂಡುಕೊಂಡಿದ್ದವು ಬಿಡಿ.

ಆದರೆ ಅಪ್‌ವರ್ದಿಯ ಗತಿ ಏನಾಯಿತು? ಅದರ ಓದುಗರಲ್ಲಿ ಬಹುಪಾಲು ಫೇಸ್‌ಬುಕ್ ಮೂಲಕ ಬರುತ್ತಿದ್ದರು. 2013ರ ಕೊನೆಯಲ್ಲಿ ಫೇಸ್‌ಬುಕ್ ತನ್ನ ಲೆಕ್ಕಾಚಾರ ಬದಲಿಸಿತು, ಮರುವರ್ಷ ಇಂಥ ಆಮಿಷದ ತಲೆಬರಹಗಳನ್ನು ಹಿಂದಕ್ಕೆ ತಳ್ಳುವುದಾಗಿ ಸಾರಿಯೇ ಹೇಳಿತು. ತಾಣದ ಓದುಗರು ಕುಸಿದರು, 2017ರಲ್ಲಿ ಅದು ಬೇರೆಯವರ ಪಾಲಾಯಿತು. ಒತ್ತುವುದೇ ಬೇರೆ, ಓದುವುದೇ ಬೇರೆ. ಓದುಗರ ಅಳತೆ ಮಾಡುವ ‘ಚಾರ್ಟ್‌ಬೀಟ್’ ಸಂಸ್ಥೆಯ ಆಗಿನ ಮುಖ್ಯಸ್ಥ ಟೋನಿ ಹೇಲ್ 2014ರಲ್ಲಿ ‘ಟೈಮ್’ ಪತ್ರಿಕೆಗೆ ಬರೆದಂತೆ, ಪುಟಕ್ಕೆ ಬಂದವರಲ್ಲಿ ಶೇ 55ರಷ್ಟು ಮಂದಿ 15 ಸೆಕೆಂಡಿನೊಳಗೆ ಹೊರಟುಹೋಗುತ್ತಿದ್ದರು. ಒಮ್ಮೆ ಮೋಸಹೋದ ಬೆಳೆಗಾರ ಮುಂದಿನ ಸಲ ನಮ್ಮ ತಾಣದ ಹೆಸರು ಕಂಡರೂ ಮುಂದೆ ಜಾರುತ್ತಾನೆ. ನಮ್ಮ ಯಾವ ಅಂಕಿಅಂಶದಲ್ಲೂ ಅವನು ಕಾಣಿಸುವುದಿಲ್ಲ.

ಪ್ರಶ್ನೆ ಎಸೆದು ಉತ್ತರ ಮುಚ್ಚಿಟ್ಟುಕೊಳ್ಳುವ ತಲೆಬರಹಕ್ಕೆ ನಾನು ಪೂರ್ತಿ ವಿರೋಧಿಯಲ್ಲ. ಕುತೂಹಲವಿಲ್ಲದೆ ಯಾರೂ ಏನನ್ನೂ ಓದುವುದಿಲ್ಲ. ಪ್ರಶ್ನೆಗೆ ತಕ್ಕ ಉತ್ತರ ಒಳಗಿದ್ದರೆ ತಕರಾರಿಲ್ಲ, ‘ಏನಿದು ಗೊತ್ತಾ?’ ಎಂದು ಕೇಳಿ, ಒಳಗೆ ಎರಡು ಜಾಹೀರಾತು ದಾಟಿಸಿ, ‘ಕಾದು ನೋಡಬೇಕಿದೆ’ ಎಂದು ಮುಗಿಸಿದರೆ ಅದು ವಂಚನೆ.

ಕಾಲದ ಮಾತನ್ನೂ ಹೇಳಬೇಕು. ಕೊಳೆರೋಗದ ಲೇಖನ ಮುದ್ರಣದಲ್ಲಿ ಬಂದ ಮಾರನೇ ದಿನ ಹಳತು. ಜಾಲದಲ್ಲಿ ಹಾಗಲ್ಲ, ಪ್ರತಿ ವರ್ಷ ಮೇ ತಿಂಗಳ ಕೊನೆಗೆ, ಮೋಡ ಕಟ್ಟುವ ಹೊತ್ತಿಗೆ, ಅದಕ್ಕೆ ಓದುಗರು ತಾವಾಗಿಯೇ ಬರತೊಡಗುತ್ತಾರೆ. ಹಾಗಾಗಿ ಬೇಸಿಗೆಯಲ್ಲೇ ಅದನ್ನು ಮತ್ತೆ ತೆರೆದು, ವಿಜ್ಞಾನಿಗಳಿಗೆ ತೋರಿಸಿ ತಿದ್ದಿ, ತಿದ್ದಿದ ದಿನಾಂಕ ಹಾಕಿ ಇಡುತ್ತೇವೆ. ಬೆಳಗಿನ ಜಾವಕ್ಕೇ ಬಂದು ಓದುವವರು ಕೆಲವರಿದ್ದಾರೆ: ಅಮೆರಿಕದಲ್ಲಿದ್ದುಕೊಂಡು ಊರಿನ ತೋಟದ ಬಗ್ಗೆ ಅಪ್ಪನಿಗೆ ಫೋನಿನಲ್ಲಿ ಸಲಹೆ ಕೊಡುವ ಮಕ್ಕಳು. ಅಪ್ಪ ಕೇಳುತ್ತಾರೋ ಇಲ್ಲವೋ, ಅದು ಬೇರೆ ವಿಚಾರ.

ಈಗ ಹೊಸ ತಲೆನೋವು. ಹುಡುಕಿದ ಪ್ರಶ್ನೆಗೆ ಗೂಗಲ್ ತಾನೇ ನಾಲ್ಕು ಸಾಲಿನ ಉತ್ತರ ಹೊಸೆದು ಎಲ್ಲಕ್ಕಿಂತ ಮೇಲೆ ತೋರಿಸತೊಡಗಿದೆ. ಒಂದಕ್ಕೊಂದು, ನೂರು ಲೀಟರಿಗೆ ಎಂಬಷ್ಟು ಅಲ್ಲೇ ಸಿಕ್ಕರೆ ನಮ್ಮ ಪುಟಕ್ಕೆ ಯಾರು ಬರುತ್ತಾರೆ? ಆ ನಾಲ್ಕು ಸಾಲಿಗೆ ದಕ್ಕದ್ದನ್ನು ಬರೆಯುವುದೊಂದೇ ನನಗೆ ಕಾಣುವ ದಾರಿ. ದ್ರಾವಣ ಹೊಡೆದ ಗಂಟೆಗೇ ಮಳೆ ಸುರಿದಾಗ ತೋಟದವರು ಏನು ಮಾಡಿದರು, ಮರ ಹತ್ತುವ ಕೊನೆಗಾರರು ಸಿಗದ ಊರಿನಲ್ಲಿ ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಹೊಡೆದವರ ಅನುಭವವೇನು ಅನ್ನುವುದು ಊರಿಗೆ ಹೋಗಿ ಕೇಳಿದವರಿಗೆ ಮಾತ್ರ ಗೊತ್ತು.

ಓದುಗರಲ್ಲಿ ನನ್ನದೊಂದು ಕೋರಿಕೆ. ಲೇಖನ ಇಷ್ಟವಾದರೆ ಅದರ ಅಕ್ಷರವನ್ನೆಲ್ಲ ನಕಲು ಮಾಡಿ, ಬರೆದವರ ಹೆಸರು ಕಿತ್ತು, ಕೊನೆಗೆ ‘ಕೃಪೆ: ವಾಟ್ಸ್‌ಆ್ಯಪ್’ ಎಂದು ಹಾಕಿ ಗುಂಪಿಗೆ ತಳ್ಳಬೇಡಿ. ವಾಟ್ಸ್‌ಆ್ಯಪ್ ಯಾವ ತೋಟಕ್ಕೂ ಹೋಗಿ ಬಂದಿಲ್ಲ. ಕೊಂಡಿಯನ್ನೇ ಕಳುಹಿಸಿ, ಜೊತೆಗೆ ನಿಮ್ಮದೇ ಮಾತಿನಲ್ಲಿ ಒಂದು ಸಾಲು ಬರೆಯಿರಿ.