ಪೀಣ್ಯದ ಕಾರ್ಮಿಕರಿಗೊಂದು ಕಾನೂನು ಅರಿವು ಶಿಬಿರ

ತುಮಕೂರು ರಸ್ತೆಯ ಬದಿಗೆ ಹಬ್ಬಿರುವ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತಿನ ಮುಂದೆಯೋ ಹೊಲಿಗೆಯಂತ್ರದ ಮುಂದೆಯೋ ಹಗಲೆಲ್ಲ ದುಡಿದು, ಸಂಜೆಗೆ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರಗಳ ವಠಾರಗಳಿಗೆ ಮರಳುವ ಶ್ರಮಜೀವಿಗಳಲ್ಲಿ, ಸರ್ಕಾರದ ವೆಚ್ಚದಲ್ಲಿಯೇ ವಕೀಲರನ್ನು ಪಡೆಯುವ ಹಕ್ಕು ತಮಗುಂಟೆಂಬುದನ್ನು ಅರಿಯದವರು ಇನ್ನೂ ಬಹುಮಂದಿ. ಆ ಅರಿವನ್ನು ಅವರಿರುವಲ್ಲಿಗೇ ಒಯ್ಯುವ ಸಾಧನವೇ ಕಾನೂನು ಅರಿವು ಶಿಬಿರ.

1976ರಲ್ಲಿ 42ನೆಯ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿದ 39-ಎ ವಿಧಿಯು, ಬಡತನದ ಕಾರಣದಿಂದ ಯಾರೂ ನ್ಯಾಯವಂಚಿತರಾಗಕೂಡದೆಂದು ಉಚಿತ ನೆರವಿನ ಹೊಣೆಯನ್ನು ರಾಜ್ಯದ ಮೇಲಿರಿಸಿತು. ತದನುಸಾರ ರಚಿತವಾದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೆಯ ಕಲಮು ಸ್ತ್ರೀಯರು, ಮಕ್ಕಳು, ವಿಕಲಚೇತನರು, ಪರಿಶಿಷ್ಟ ಜಾತಿ ಪಂಗಡಗಳವರು ಇವರೊಡನೆ ಕೈಗಾರಿಕಾ ಕಾರ್ಮಿಕನನ್ನೂ ಹೆಸರಿಸಿರುವುದು ಪೀಣ್ಯದ ಮಟ್ಟಿಗೆ ಮಹತ್ತ್ವದ ಸಂಗತಿ. ಇವರಾರಿಗೂ ಆದಾಯದ ಮಿತಿ ಅಡ್ಡಬಾರದು, ಮೊಕದ್ದಮೆಯಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು.

ಬೆಂಗಳೂರಿನ ‘ನ್ಯಾಯದೇಗುಲ’ ಕಟ್ಟಡದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಅಧೀನದಲ್ಲಿ ಜಿಲ್ಲಾ ಪ್ರಾಧಿಕಾರಗಳೂ ತಾಲ್ಲೂಕು ಸಮಿತಿಗಳೂ ಇವೆ. ಕಾರ್ಮಿಕ ಸಂಘವಾಗಲಿ ಬಡಾವಣೆಯ ಮಹಿಳಾ ಸಂಘವಾಗಲಿ ಅವುಗಳ ಸಹಯೋಗದಲ್ಲಿ ಶಿಬಿರ ನಡೆಸಬಹುದು. ಆದರೆ ಯಾರಿಗಾಗಿ ಶಿಬಿರವೋ ಅವರು ಬರುವಂತೆ ಅದನ್ನು ಏರ್ಪಡಿಸುವುದರಲ್ಲಿಯೇ ಕಾರ್ಯಕರ್ತರ ವಿವೇಕವೆಲ್ಲ ಇದೆ. ವಾರದ ದಿನ ಹನ್ನೊಂದು ಗಂಟೆಗೆ ಕರೆದರೆ ಸಂಬಳ ಕಡಿತಕ್ಕೆ ಅಂಜುವವರು ಬರಲಾರರು. ಭಾನುವಾರ, ಮನೆಗೆಲಸ ಮುಗಿಯುವ ಹೊತ್ತಿಗೆ, ವಠಾರಕ್ಕೆ ನಡೆದು ಹೋಗುವಷ್ಟು ಸಮೀಪದಲ್ಲಿ ಸೇರಬೇಕು. ಎಳೆಯ ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ತಾಯಂದಿರು ನೆಮ್ಮದಿಯಾಗಿ ಕುಳಿತು ಕೇಳಲಾರರು. ಗಾಲಿಕುರ್ಚಿಗೆ ಮೆಟ್ಟಿಲಿಲ್ಲದ ದಾರಿಯೂ, ಕಿವಿ ಕೇಳದವರಿಗೆ ಸಂಜ್ಞಾಭಾಷೆಯ ಅನುವಾದಕರೂ, ಒಡಿಶಾ ಬಿಹಾರಗಳಿಂದ ಬಂದವರಿಗೆ ಅವರ ನುಡಿಯಲ್ಲಿ ತಿಳಿಯಹೇಳುವವರೂ ಆವಶ್ಯಕ. ಸ್ವಾಗತ, ಸನ್ಮಾನ, ಹಾರತುರಾಯಿಗಳಲ್ಲಿ ಮೊದಲ ಗಂಟೆಯನ್ನೇ ವ್ಯಯಿಸುವ ಪದ್ಧತಿಯನ್ನಂತೂ ಬಿಟ್ಟುಬಿಡುವುದು ಒಳಿತು; ಏಕೆಂದರೆ ಸಂಬಳದಲ್ಲಿ ಹಿಡಿದ ಪಿ.ಎಫ್. ಹಣ ಖಾತೆಗೆ ಸಂದಿಲ್ಲ, ಇ.ಎಸ್.ಐ. ಚೀಟಿ ಕೈಸೇರಿಲ್ಲ, ಕಾರಣ ಹೇಳದೆ ಕೆಲಸದಿಂದ ಬಿಡಿಸಿದರು ಎಂಬ ಅಳಲುಗಳು ತುಂಬಿದ ಸಭೆಯಲ್ಲಿ ಹೊರಬರುವುದಕ್ಕೆ ಸಮಯವೂ ಧೈರ್ಯವೂ ಬೇಕು.

ಆದುದರಿಂದ ಭಾಷಣಕ್ಕಿಂತ ಹೆಚ್ಚಿನ ಅವಕಾಶವನ್ನು, ವಕೀಲರೊಡನೆ ಒಬ್ಬೊಬ್ಬರಾಗಿ ಮಾತನಾಡುವ ಮೇಜಿಗೆ ಮೀಸಲಿಡಬೇಕು. ಅಲ್ಲಿಯೇ ಅರ್ಜಿ ಬರೆಯಿಸಿ, ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ನ್ಯಾಯಾಲಯದ ಶುಲ್ಕ ಮರಳುವುದೆಂದೂ ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲವೆಂದೂ ಮೊದಲೇ ತಿಳಿಸಿ, 15100 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಟ್ಟು, ವಕೀಲರ ನೇಮಕವಾಗುವವರೆಗೆ ಪ್ರತಿಯೊಂದು ಅರ್ಜಿಯನ್ನೂ ಬೆನ್ನುಹತ್ತುವ ಸ್ವಯಂಸೇವಕರೊಬ್ಬರನ್ನು ಆ ಬಡಾವಣೆಯವರಲ್ಲಿಯೇ ಗೊತ್ತುಮಾಡಬೇಕು.